ದೇವರ ದೀರ್ಘಕ್ಕಾಗಿ ನಾಗಪುರಕ್ಕೆ

ಬೆಟಗೇರಿ, ಹೊರಡುವ ಮುನ್ನ

ನಮ್ಮ ಚರ್ಚಿನ ಮಾಸಪತ್ರಿಕೆಯಲ್ಲಿ ಪ್ರವಾಸ ಕಥನ ಬರೆಯಬೇಕೆಂದರೆ ಪರದೇಶಕ್ಕೆ ಹೋಗಿ ಬಂದಿರಬೇಕು. ಇದು ಬರೆದಿಟ್ಟ ನಿಯಮವಲ್ಲ. ಆದರೆ ಜೆರುಸಲೇಮಿಗೆ ಹೋದವರ ಕಥನ ಆರು ಕಂತು ಬಂದಿದೆ, ಜರ್ಮನಿಯಲ್ಲಿ ಮಗಳ ಬಾಣಂತನ ಮಾಡಿ ಬಂದವರದು ನಾಲ್ಕು ಕಂತು ಬಂದಿದೆ, ಶಿರಸಿಗೆ ಹೋಗಿ ಬಂದವರದು ಒಂದು ಸಾಲೂ ಬಂದಿಲ್ಲ. ನಾನು ಹೋದದ್ದು ನಾಗಪುರಕ್ಕೆ. "ಅದು ಭಾರತದಾಗ ಐತಲ್ರಿ, ಟೀಚರ್?" ಎಂದರು ಸಂಪಾದಕರು. ನಕಾಶೆಯಲ್ಲಿ ಇದೆ, ಒಪ್ಪುತ್ತೇನೆ, ನಟ್ಟನಡುವೆಯೇ ಇದೆ. ಆದರೆ ಊರಿನ ಮಾತು ಕಿವಿಗೆ ಹತ್ತದೆ, ಊಟ ಗಂಟಲಲ್ಲಿ ಇಳಿಯದೆ, ಒಡಹುಟ್ಟಿದ ತಮ್ಮನ ಮಗಳು ಹಾಡಲು ಬಾಯಿ ತೆರೆದರೆ ಮನುಷ್ಯಳೋ ಹುಲಿಯೋ ತಿಳಿಯದೆ ಹೋದರೆ, ಅದು ಪರದೇಶವಲ್ಲದೆ ಮತ್ತೇನು? ಸಂಪಾದಕರು ತಲೆ ಕೆರೆದುಕೊಂಡು ಒಪ್ಪಿದರು.

ಹೋದ ಕಾರಣ ಹೇಳಿಬಿಡುತ್ತೇನೆ. ತಮ್ಮ ಪ್ರಕಾಶ ಆರ್ಡ್ನನ್ಸ್ ಫ್ಯಾಕ್ಟರಿಯ ನೌಕರಿ ಹಿಡಿದು ನಾಗಪುರಕ್ಕೆ ಹೋದವನು ಅಲ್ಲಿಯವಳನ್ನೇ ಮದುವೆಯಾಗಿ ಅಲ್ಲಿಯೇ ನಿವೃತ್ತನಾಗಿದ್ದಾನೆ. ಒಬ್ಬಳೇ ಮಗಳು, ರೂತ್. ಬುಟಿಬೋರಿಯ ಒಂದು ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವ ಕೆಲಸ. ಬಿಡುವಾದಾಗ ಮೂವರು ಗೆಳೆಯರ ಜೊತೆ ಸೇರಿ ಹೆವಿ ಮೆಟಲ್ ಎಂಬ ಸಂಗೀತ ನುಡಿಸುತ್ತಾಳೆ. ನುಡಿಸಲಿ. ಆದರೆ ಅದರಲ್ಲಿ ಯೇಸುವಿನ ಹಾಡು ಹಾಡುತ್ತಾಳೆ, ಅದನ್ನು ಯುವಜನರ ರವಿವಾರ ಚರ್ಚಿನಲ್ಲೇ ಹಾಡಬೇಕು ಎನ್ನುತ್ತಾಳೆ. ಅವರ ಚರ್ಚಿನ ಕಮಿಟಿ ಎರಡು ಹೋಳಾಯಿತು. ಕೊನೆಗೆ ಪಾಸ್ಟರ್ ಸಾಹೇಬರು, ಹಾಡಿನ ಮಾತುಗಳನ್ನು ಪರೀಕ್ಷಿಸೋಣ, ಮಾತು ಶುದ್ಧವಿದ್ದರೆ ಗದ್ದಲವನ್ನು ಸಹಿಸೋಣ ಎಂದರು. ಮರಾಠಿ ಹಾಡುಗಳು ಪಾಸಾದವು. ಒಂದು ಹಾಡು ಮಾತ್ರ ಕನ್ನಡದ್ದು. ಅದು ಅಲ್ಲಿ ಯಾರಿಗೂ ತಿಳಿಯದು, ಹಾಡುವ ಹುಡುಗಿಯನ್ನು ಬಿಟ್ಟರೆ ತಿಳಿಯುವವನು ಅವಳ ತಂದೆ ಒಬ್ಬನೇ. ಅವನ ಸಾಕ್ಷಿ ನಡೆಯದು. ಹೀಗಾಗಿ ಹೊರಗಿನ ಪರೀಕ್ಷಕರು ಬೇಕಾದರು. ಮೂವತ್ನಾಲ್ಕು ವರ್ಷ ಕನ್ನಡ ಕಲಿಸಿದ ನಾನು, ಸಲೋಮಿ ಟೀಚರ್, ಸಿಕ್ಕಿದೆ.

"ಅಕ್ಕಾ, ನೀ ಬಂದು ಒಂದ ಮಾತು ಅನ್ನು," ಎಂದ ಪ್ರಕಾಶ ಫೋನಿನಲ್ಲಿ. "'ಇದು ಚರ್ಚಿನ್ಯಾಗ ಹಾಡೂವಂಥಾದ್ದಲ್ಲ' ಅಂತ. ನಿನ್ನ ಮಾತಿಗೆ ಕಿಮ್ಮತ್ತು ಐತಿ. ಆಕಿ ಹುಚ್ಚು ಇಳೀತದ."

"ಇಳೀಲಿಲ್ಲಂದ್ರ?"

"ಹಾಡು ಹೊರಗಾದ್ರ ನಾನೂ ಚರ್ಚಿನ ಹೊರಗ ಅಂತಾಳ. ಸಣ್ಣಾಕಿದ್ದಾಗಿಂದ ಅಲ್ಲೇ ಹಾಡ್ಕೋತ ಬೆಳದಾಕಿ, ಎಲ್ಲಿ ಹೋಗ್ತಾಳ? ಬರೇ ಮಾತು."

ಬರೇ ಮಾತು ಎಂದು ಅವನ ದನಿಗೇ ನಂಬಿಕೆ ಇರಲಿಲ್ಲ.

ನಾಗಪುರ ಸ್ಟೇಷನ್

ಸೊಲ್ಲಾಪುರದವರೆಗೆ ಕನ್ನಡ ನನ್ನ ಜೊತೆಗಿತ್ತು. ಅಲ್ಲಿ ಗಾಡಿ ಬದಲಿಸುವಾಗ ಚಹಾದವನು "ಸಕ್ಕರಿ ಕಮ್ಮಿ ಹಾಕ್ಲ್ಯಾ, ಅವ್ವಾರ?" ಎಂದದ್ದೇ ಕೊನೆ. ಮುಂದಿನದೆಲ್ಲ ಹಿಂದಿ, ಮರಾಠಿ. ನನ್ನ ಹಿಂದಿ ರೇಡಿಯೊ ಕೇಳಿ ಕಲಿತದ್ದು, ಮರಾಠಿ ಕಲಿತೇ ಇಲ್ಲದ್ದು.

ಪ್ರಕಾಶ ಸ್ಟೇಷನ್ನಿಗೆ ಬರುವುದು ತಡವಾಯಿತು. ನಾನೇನು ಕೂಸೇ ಎಂದು ಒಂದು ಆಟೋದವನನ್ನು ಕೇಳಿದೆ, "ಹಿಂಗಣಾ ರೋಡ್ ಆತೇ ಕ್ಯಾ?"

"ಹೋ," ಎಂದ.

ನನಗೆ ಸಿಟ್ಟು ಬಂತು. ಬರುವುದಿಲ್ಲವೆಂದರೆ ಬರುವುದಿಲ್ಲ ಎನ್ನಲಿ. ಹೆಂಗಸರಿಗೆ, ಅದೂ ನರೆಗೂದಲಿನವರಿಗೆ, ಹೋ ಎನ್ನುವುದೇ? ಎರಡನೆಯವನನ್ನು ಕೇಳಿದೆ. ಅವನು ನಗುನಗುತ್ತ, "ಹೋ, ಹೋ!" ಎಂದ. ಮೂರನೆಯವನಂತೂ ಕೈ ಬೀಸಿ ಬೀಸಿ "ಹೋ ಹೋ ಹೋ" ಎಂದು ನನ್ನ ಬ್ಯಾಗಿಗೇ ಕೈ ಹಾಕಿದ. ನಾನು ಬ್ಯಾಗು ಎಳೆದೆ, ಅವನೂ ಎಳೆದ. ಅಷ್ಟರಲ್ಲಿ ಪ್ರಕಾಶ ಓಡಿಬಂದ. ವಿಷಯ ಕೇಳಿ ಆಟೋಕ್ಕೆ ಒರಗಿ ನಕ್ಕ.

"ಅಕ್ಕಾ, ಮರಾಠ್ಯಾಗ 'ಹೋ' ಅಂದ್ರ 'ಹೌದು'. ಅಂವ ಬರ್ತೀನಿ ಅನ್ನಾಕತ್ಯಾನ!"

ನಾಗಪುರದ ಆಟೋದವರು ಸಜ್ಜನರು. ಮೂವರಲ್ಲಿ ಒಬ್ಬರಿಗೂ ಸಿಟ್ಟು ಬರಲಿಲ್ಲ, ಬಂದದ್ದು ನನಗೊಬ್ಬಳಿಗೇ.

ಧರಮಪೇಠ

ಮರುದಿನ ಬೆಳಿಗ್ಗೆ ಪ್ರಕಾಶ ನನ್ನನ್ನು ಧರಮಪೇಠಕ್ಕೆ ತಿಂಡಿಗೆ ಕರೆದೊಯ್ದ. ಅವಲಕ್ಕಿ ಎಂದ. ಅವಲಕ್ಕಿಯೇ ಬಂತು, ಆದರೆ ಮೇಲೆ ಕೆಂಪು ಸಾರು ಸುರಿದಿದ್ದರು, ಸಾರಿನ ಮೇಲೆ ಎಣ್ಣೆ ನಿಂತಿತ್ತು, ಎಣ್ಣೆಯಲ್ಲಿ ಕಡಲೆ ತೇಲುತ್ತಿತ್ತು. ನಮ್ಮಲ್ಲಿ ಅವಲಕ್ಕಿಗೆ ಮೊಸರು ಹಾಕಿ ಹೊಟ್ಟೆ ತಂಪು ಮಾಡುತ್ತೇವೆ. ಇಲ್ಲಿ ಇಂಥ ಬಿಸಿಲಿನ ಊರಿನಲ್ಲಿ ಬೆಳಬೆಳಿಗ್ಗೆಯೇ ಹೊಟ್ಟೆಗೆ ಬೆಂಕಿ ಇಡುತ್ತಾರೆ. ಸುತ್ತ ಸ್ಕೂಟರುಗಳ ಮೇಲೆ ಕೂತವರು, ಆಸ್ಪತ್ರೆಗೆ ಬಂದವರು, ಶಾಲೆಗೆ ಮಕ್ಕಳನ್ನು ಬಿಟ್ಟವರು ಎಲ್ಲರೂ ಮೂಗು ಸೊರಗುಟ್ಟಿಸುತ್ತ ಇನ್ನಷ್ಟು ಸಾರು ಕೇಳುತ್ತಿದ್ದರು. ಒಂದು ಪ್ಲೇಟಿಗೆ ನನ್ನ ಕಣ್ಣಲ್ಲಿ ನೀರು ಬಂತು.

"ಚರ್ಚಿನ್ಯಾಗ ಮಂದಿ ನನ್ನ ಕೇಳ್ತಾರ, 'ಮಗಳ ಗಂಟಲಿಗೆ ಔಷಧ ಕೊಡ್ಸಿಲ್ಲೇನು?' ಅಂತ," ಎಂದ ಪ್ರಕಾಶ. "ನಾ ಎಲ್ಲಿ ಮಾರಿ ಇಟ್ಕೋಬೇಕು?"

ಆಗಲೇ ರೂತ್ ಸ್ಕೂಟಿ ನಿಲ್ಲಿಸಿ "ಆತ್ಯಾ!" ಎಂದು ಬಂದು ತಬ್ಬಿಕೊಂಡಳು. ತಂದೆಯ ಅಕ್ಕನಿಗೆ ಮರಾಠಿಯಲ್ಲಿ ಆತ್ಯಾ. ನಮ್ಮ ಅತ್ತಿ ಎಂಬ ಮಾತಿನಲ್ಲಿ ಗಂಡನ ತಾಯಿಯೂ ಇಣುಕುತ್ತಾಳೆ, ಇದರಲ್ಲಿ ಇಲ್ಲ, ಒಳ್ಳೆಯ ಪದ. ಹುಡುಗಿ ಕಪ್ಪು ಅಂಗಿ ಹಾಕಿದ್ದಳು. ಅಂಗಿಯ ಮೇಲೆ ತಲೆಬುರುಡೆ.

"ಇದೇನವ್ವಾ ಎದಿ ಮ್ಯಾಲೆ? ಸ್ಮಶಾನ ಹೊತ್ತು ತಿರುಗ್ತೀ?"

"ಗೊಲ್ಗೊಥಾ ಅಂದ್ರ ಏನು, ಆತ್ಯಾ? ಕಪಾಲಸ್ಥಳ. ಯೇಸು ಅಲ್ಲೇ ಸತ್ತ. ಬರೋಬರ್ ಐತಿ ನಾ?"

ನಾನು ಅವಲಕ್ಕಿಯ ಕಡೆ ನೋಡಿದೆ. ಧರ್ಮಶಾಸ್ತ್ರದ ವಾದದಲ್ಲಿ ಸೋತು ಅವಲಕ್ಕಿಯಲ್ಲಿ ಆಶ್ರಯ ಪಡೆದವರಲ್ಲಿ ನಾನೇ ಮೊದಲಿನವಳಿರಬೇಕು. ಅವರ ತಂಡದ ಹೆಸರು ಕೇಳಿದೆ. 'ಮಿಠಾಚಾ ಖಾಂಬ್', ಉಪ್ಪಿನ ಕಂಬ. ಹಿಂತಿರುಗಿ ನೋಡಿ ಕಂಬವಾದ ಲೋಟನ ಹೆಂಡತಿ. ಬೈಬಲ್ಲಿನಲ್ಲಿ ಇಷ್ಟು ಜನ ದೇವದೂತರಿರುವಾಗ ಇವರಿಗೆ ಸಿಕ್ಕವಳು ಅವಳೇ.

ಹಿಂಗಣಾ

ತಾಲೀಮು ಹಿಂಗಣಾದ ಕಾರ್ಖಾನೆಗಳ ನಡುವೆ, ರಟ್ಟಿನ ಡಬ್ಬಿ ಮಾಡುವ ಒಂದು ಶೆಡ್ಡಿನಲ್ಲಿ. ವಾರದ ರಜೆಯ ಮಧ್ಯಾಹ್ನ. ಆ ಪ್ರದೇಶವನ್ನು ಯಾಕೆ ಆರಿಸಿದರೆಂದು ಹೋದಮೇಲೆ ತಿಳಿಯಿತು: ಅಲ್ಲಿ ದೂರು ಕೊಡುವ ನೆರೆಯವರೆಂದರೆ ಯಂತ್ರಗಳು. ಗಿಟಾರಿನ ಹುಡುಗರಿಬ್ಬರು ನಮಸ್ಕರಿಸಿದರು. ಡ್ರಮ್ಮಿನ ನಿತಿನ್ ನನಗೆ ಕುರ್ಚಿ ಒರೆಸಿ ಕೊಟ್ಟು, ಕಿವಿಗೆ ಹತ್ತಿಯನ್ನೂ ಕೊಟ್ಟ. ಇಷ್ಟು ಮರ್ಯಾದೆಯ ಮಕ್ಕಳು ಮರುಕ್ಷಣ ಮಾಡಿದ ಸದ್ದನ್ನು ವಿವರಿಸುವುದು ಕಷ್ಟ. ಕಾಳು ಹಾಕದೆ ಹಿಟ್ಟಿನ ಗಿರಣಿ ಓಡಿಸಿದರೆ ಹೇಗೋ ಹಾಗೆ. ಅದರ ಮೇಲೆ ರೂತಳ ದನಿ. ಮನೆಯಲ್ಲಿ "ಆತ್ಯಾ, ಚಹಾ ಬೇಕೇನ?" ಎನ್ನುವ ಹುಡುಗಿಯ ಹೊಟ್ಟೆಯ ಯಾವ ಮೂಲೆಯಲ್ಲಿ ಈ ಗರ್ಜನೆ ಇತ್ತೋ.

ಮತ್ತು ಆ ಗರ್ಜನೆಯಲ್ಲಿ ಮಾತು ಕೇಳಿಸಿತು. ಸ್ಪಷ್ಟ ಕನ್ನಡ.

"ದೆವ್ವಾ ಬಾ! ದೆವ್ವಾ ಬಾ!"

ನಾನು ಎದ್ದು ನಿಂತೆ. ಕೈ ಎತ್ತಿದೆ. ಗಿರಣಿ ನಿಂತಿತು.

"ಏನಂದೀ?"

"ದೇವರನ್ನ ಕರ್ಯಾಕತ್ತೇನಿ, ಆತ್ಯಾ."

"ಇಲ್ಲವ್ವಾ. ಭೂತನ್ನ ಕರ್ಯಾಕತ್ತೀ. 'ದೆವ್ವ' ಅಂದ್ರ ಭೂತ!"

ರೂತ್ ಬಾಯಿ ಮುಚ್ಚಿಕೊಂಡಳು. ನಿತಿನ್ ಏನೆಂದು ಕೇಳಿ ತಿಳಿದು ಡ್ರಮ್ಮಿನ ಹಿಂದೆ ಬಗ್ಗಿ ನಗತೊಡಗಿದ. ಇಡೀ ಕಮಿಟಿ ತಿಂಗಳುಗಟ್ಟಲೆ ಈ ಹಾಡಿನಲ್ಲಿ ಸೈತಾನ ಇದ್ದಾನೋ ಇಲ್ಲವೋ ಎಂದು ಮರಾಠಿಯಲ್ಲಿ ಚರ್ಚಿಸಿತ್ತು. ಅವನು ಕನ್ನಡದಲ್ಲಿ ರಾಜಾರೋಷವಾಗಿ ಕೂತಿದ್ದ.

ರೂತ್ ತನ್ನ ನೋಟ್‌ಬುಕ್ ತೆಗೆದಳು. ಅವಳಿಗೆ ಕನ್ನಡ ಓದಲು ಬಾರದು. ಹಾಡನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಂಡಿದ್ದಳು. ಹಿಂದಿಯ ಅಕ್ಷರವೇ ಅದು, ಓದಲು ನನಗೆ ಬರುತ್ತದೆ. ಮೊದಲ ಸಾಲು ಓದುತ್ತಲೇ ನನಗೆ ಗೊತ್ತಾಯಿತು.

ದೇವಾ ಬಾ, ದೇವಾ ಬಾ,
ಬಾಗ್ಲಾ ತಗದ ಇಟ್ಟೇನಿ ಬಾ,
ನಿಂತ ಮಾತಾಡಬ್ಯಾಡ, ಒಳಗ ಬಾ,
ನನ್ನ ಎತಗೊಂಡ ಹೋಗ ಬಾ.

ಇದು ಯಾವ ಕೀರ್ತನೆ ಪುಸ್ತಕದಲ್ಲೂ ಇಲ್ಲ. ಇದು ನಮ್ಮ ಅವ್ವ ಕಟ್ಟಿಕೊಂಡದ್ದು, ಮನೆಯಲ್ಲಿ ಹೀಗೆಯೇ 'ದೇ' ಎಳೆದು ಗುನುಗುತ್ತಿದ್ದಳು. ಕಡೆಯ ದಿನಗಳಲ್ಲಿ ಅವ್ವ ಪ್ರಕಾಶನ ಮನೆಯಲ್ಲಿದ್ದಳು, ದಮ್ಮಿನಿಂದ ಹಾಸಿಗೆ ಹಿಡಿದಿದ್ದಳು. ರೂತ್ ಪಕ್ಕದಲ್ಲಿ ಕೂತು ಅವಳು ಅಂದದ್ದನ್ನು ಬರೆದುಕೊಂಡಿದ್ದಾಳೆ. ಆ ವರ್ಷ ನಾನು ಪರೀಕ್ಷೆಯ ಪೇಪರು ತಿದ್ದುವ ಕೆಲಸದಲ್ಲಿದ್ದೆ. ಪ್ರಕಾಶ ಎರಡು ಸಲ ಫೋನು ಮಾಡಿ ಬಾ ಎಂದ. ಈ ಕಟ್ಟು ಮುಗಿಯಲಿ, ಬರುತ್ತೇನೆ ಎಂದೆ. ಮಣ್ಣಿಗಷ್ಟೇ ಬಂದೆ, ಮರುದಿನವೇ ತಿರುಗಿದೆ. ಎರಡು ವರ್ಷವಾಯಿತು. ಇದನ್ನು ಬೆಟಗೇರಿಯಲ್ಲಿ ಯಾರಿಗೂ ಹೇಳಿಲ್ಲ, ಈಗ ಬರೆಯುತ್ತಿದ್ದೇನೆ.

ಆದರೆ ಟೀಚರಿಗೆ ಅಳುವುದಕ್ಕಿಂತ ತಿದ್ದುವುದು ಸುಲಭ. ಮರಾಠಿ ಅಕ್ಷರದಲ್ಲಿ 'ದೆ' ಬೇರೆ 'ದೇ' ಬೇರೆ ಇಲ್ಲ, ಎರಡಕ್ಕೂ ಒಂದೇ ಗುರುತು. ಅದು ಸಾಲದೆಂದು 'ವ'ಗೆ ಇನ್ನೊಂದು ಅರ್ಧ 'ವ' ಅಂಟಿಕೊಂಡಿತ್ತು, 'ದೇವಾ' ಬಂದಲ್ಲೆಲ್ಲ. ಕೆಂಪು ಪೆನ್ನು ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ. ಅರ್ಧ 'ವ'ಗಳನ್ನೆಲ್ಲ ಹೊಡೆದುಹಾಕಿದೆ.

"ಆಜಿ ಹಂಗ ಅಂತಿದ್ದಳು," ಎಂದಳು ರೂತ್ ಮೆಲ್ಲಗೆ.

"ನಿನ್ನ ಕಿವಿ ಮರಾಠಿ ಕಿವಿ. ನಮ್ಮವ್ವ ದೇವರಿಗೆ ದೆವ್ವ ಅಂತಾಳೇನು?"

ಪಾಠ ಶುರುವಾಯಿತು. ದೇ ಎಳೆ, ದೇ ಎಳೆ ಎಂದೆ. ಅವಳು ಎಳೆದಳು, ಡ್ರಮ್ಮು ಹತ್ತಿದ ಕೂಡಲೇ ಬಾಯಿ 'ದೆವ್' ಎಂದು ಕಚ್ಚಿತು. ನಿತಿನ್‌ಗೆ ತಾಳ ಬದಲಿಸಲು ಹೇಳೋಣವೆಂದು ರಟ್ಟಿನ ಮೇಲೆ ಲಘು ಗುರು ಹಾಕಿ ತೋರಿಸಲು ಹೋದೆ. ದೇವಾ: ದೀರ್ಘಕ್ಕೆ ಗುರು, ಮತ್ತೆ ಗುರು. ದೆವ್ವಾ: ಒತ್ತಕ್ಷರದ ಹಿಂದಿನದು ಗುರು, ಮತ್ತೆ ಗುರು. ಎರಡು ಸಲ ಹಾಕಿ ನೋಡಿದೆ. ಮೂವತ್ನಾಲ್ಕು ವರ್ಷ ಛಂದಸ್ಸು ಕಲಿಸಿದ ನನಗೆ, ಛಂದಸ್ಸಿಗೆ ದೇವರೂ ದೆವ್ವವೂ ಒಂದೇ ತೂಕ ಎಂಬುದು ಹಿಂಗಣಾದ ಶೆಡ್ಡಿನಲ್ಲಿ ಗೊತ್ತಾಯಿತು. ರಟ್ಟನ್ನು ಮಡಚಿ ಕುರ್ಚಿಯ ಕೆಳಗೆ ತಳ್ಳಿದೆ.

ಸಂಜೆಯ ಹೊತ್ತಿಗೆ ರೂತ್ ಹೇಗೋ ದೀರ್ಘ ಹಿಡಿದಳು. ಹಾಡು ಶುದ್ಧವಾಯಿತು. ಜೀವ ಹೋಯಿತು ಎಂದು ಹುಡುಗರ ಮುಖ ಹೇಳುತ್ತಿತ್ತು; ನಾನು ಆ ಕಡೆ ನೋಡಲಿಲ್ಲ.

ಚರ್ಚಿನ ಹಿಂದಿನ ಕೋಣೆ

ಶನಿವಾರ ಕಮಿಟಿ ಕೂಡಿತು. ಪಾಸ್ಟರ್ ಸಾಹೇಬರು ನಗುಮುಖದವರು. ಸೆಕ್ರೆಟರಿ ಸಾಹೇಬರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಖಾತೆಯಲ್ಲಿ ಸಹಿ ಸರಿಯಿಲ್ಲವೆಂದು ಜನರನ್ನು ವಾಪಸು ಕಳಿಸಿದ ಗಾಂಭೀರ್ಯ ಇನ್ನೂ ಇಳಿದಿರಲಿಲ್ಲ. ಒಬ್ಬರು ಬೈಬಲ್ಲಿನಲ್ಲಿ ಝಲ್ಲೆನ್ನುವ ತಾಳ ಇದೆ ಎಂದರು. ಇನ್ನೊಬ್ಬರು, ಎಲೀಯನಿಗೆ ದೇವರು ಬಿರುಗಾಳಿಯಲ್ಲಿ ಸಿಗಲಿಲ್ಲ, ಮೆಲ್ಲನೆಯ ಸ್ವರದಲ್ಲಿ ಸಿಕ್ಕ ಎಂದರು. ಹೆವಿ ಮೆಟಲ್ಲೂ ವಿಶ್ವಾಸವೂ ಒಂದೇ ಮನೆಯಲ್ಲಿ ಇರಬಹುದೇ ಎಂಬ ಪ್ರಶ್ನೆಗೆ ಇಬ್ಬರಿಗೂ ಬೇಕಾದ ವಚನ ಸಿಕ್ಕಿತ್ತು. ಬೆಟಗೇರಿಯಲ್ಲೂ ನಾವು ಹೀಗೆಯೇ ಜಗಳವಾಡುವುದು. ಅಲ್ಲಿ ವಿಷಯ ಪೆಂಡಾಲಿನ ಬಣ್ಣ.

ಕೋಣೆಯೊಳಗೆ ಡ್ರಮ್ಮಿಗೆ ಅನುಮತಿ ಇರಲಿಲ್ಲ. ನಿತಿನ್ ಪ್ಲಾಸ್ಟಿಕ್ ಕುರ್ಚಿಯನ್ನು ಮಗುಚಿ ಅದರ ಬೆನ್ನಿಗೆ ಬಾರಿಸಿದ. ರೂತ್ ನನ್ನನ್ನು ನೋಡಿ ಶುರು ಮಾಡಿದಳು. ದೇ, ದೀರ್ಘ. ದೇ, ದೀರ್ಘ. ಶಾಲೆಯ ಬೆಳಗಿನ ಪ್ರಾರ್ಥನೆಯಂತಿತ್ತು. ಸೆಕ್ರೆಟರಿ ಸಾಹೇಬರ ಹುಬ್ಬು ಸಡಿಲಾಯಿತು. ಪ್ರಕಾಶ ನೆಲ ನೋಡುತ್ತ ಕೂತಿದ್ದ. ಮೂರನೆಯ ಸಲ ಮೊದಲ ಸಾಲಿಗೆ ಬರುವಾಗ ನಿತಿನ್ ಮೈಮರೆತು ಕುರ್ಚಿಗೆ ನಾಲ್ಕು ಬಿಗಿದ, ರೂತಳ ಕಣ್ಣು ಮುಚ್ಚಿತು, ದನಿ ತಳಕ್ಕೆ ಇಳಿಯಿತು.

"ದೆವ್ವಾ ಬಾ!"

ಅವಳೇ ನಿಂತುಬಿಟ್ಟಳು. ತಪ್ಪು ಮಾಡಿದ ವಿದ್ಯಾರ್ಥಿನಿಯ ಹಾಗೆ ನನ್ನನ್ನು ನೋಡಿದಳು.

"ಕ್ಯಾ ಹುವಾ?" ಎಂದರು ಸೆಕ್ರೆಟರಿ ಸಾಹೇಬರು. "ಗಲತ್ ಬೋಲಾ ಕ್ಯಾ?"

ಎಲ್ಲರೂ ನನ್ನತ್ತ ತಿರುಗಿದರು. ನಾನು ಇಷ್ಟು ದೂರ ಬಂದದ್ದು ಈ ಒಂದು ಕ್ಷಣಕ್ಕೆ. ನಿಜ ಹೇಳಿದರೆ ತಮ್ಮನ ಕೆಲಸ ಸುಸೂತ್ರ, ಹುಡುಗಿ ಚರ್ಚು ಬಿಡುತ್ತಾಳೆ. ಸುಳ್ಳು ಹೇಳಿದರೆ ಹುಡುಗಿ ಉಳಿಯುತ್ತಾಳೆ, ಮೂವತ್ನಾಲ್ಕು ವರ್ಷದ ಕೆಂಪು ಪೆನ್ನು ನೀರುಪಾಲು. ನಾನು ಬಾಯಿ ತೆರೆದೆ. "ಗಲತ್..." ಎಂದೆ.

ಪ್ರಕಾಶ ಎದ್ದು ನಿಂತ.

"ಅಕ್ಕಾ, ಆಕಿ ತಪ್ಪಂದಿಲ್ಲ." ಅವನು ನನ್ನತ್ತ ತಿರುಗಿದ. "ಅವ್ವ ಹಂಗ ಅಂತಿದ್ಲು. ದಮ್ಮು ಹತ್ತಿದಾಗ 'ದೇ' ಅಂತ ಎಳೀಲಿಕ್ಕೆ ಉಸಿರೆಲ್ಲಿತ್ತು? ಒತ್ತಿ ಒತ್ತಿ ಕರೀತಿದ್ಲು, ದೆವ್ವಾ ಬಾ, ದೆವ್ವಾ ಬಾ ಅಂತ. ಇದ ದನಿ. ಬರೋಬರ್ ಇದ ದನಿ. ನೀ ಕೇಳಿಲ್ಲ. ನಾ ಕೇಳೇನಿ."

ಬೇಡ ಎನ್ನಿಸಲು ನನ್ನನ್ನು ಕರೆಸಿದವನು ಅವನು. ಅವನಿಗೆ ಆ ಹಾಡು ಯಾಕೆ ಬೇಡವಾಗಿತ್ತು ಎಂಬುದು ಆಗ ತಿಳಿಯಿತು. ಮಂದಿಯ ಮಾತಿಗೆ ಹೆದರಿಯಲ್ಲ. ಮಗಳು ಬಾಯಿ ತೆರೆದಾಗಲೆಲ್ಲ ಅವನಿಗೆ ಆ ಹಾಸಿಗೆ ಕಾಣುತ್ತಿತ್ತು. ನಾನು ಹೊಡೆದುಹಾಕಿದ ಅರ್ಧ 'ವ'ಗಳು ರೂತಳ ತಪ್ಪಾಗಿರಲಿಲ್ಲ, ಅವ್ವನ ಉಸಿರಾಗಿದ್ದವು. ಹೆತ್ತ ತಾಯಿಯ ಕೊನೆಯ ಮಾತನ್ನು ನಾನು ತಿದ್ದಿದ್ದೆ. ನನಗೆ ನಾಚಿಕೆಯಾಯಿತು.

ಪಾಸ್ಟರ್ ಸಾಹೇಬರು ಅರ್ಥ ಕೇಳಿದರು. ನನ್ನ ರೇಡಿಯೊ ಹಿಂದಿಯಲ್ಲಿ ಹೇಳಿದೆ: ದೇವರೇ ಬಾ, ಬಾಗಿಲು ತೆರೆದಿದೆ, ಒಳಗೆ ಬಾ, ನನ್ನನ್ನು ಎತ್ತಿಕೊಂಡು ಹೋಗು.

"ಇಷ್ಟೇನಾ?" ಎಂದರು ಸೆಕ್ರೆಟರಿ ಸಾಹೇಬರು. ಅವರು ಕೆಟ್ಟ ಮನುಷ್ಯರಲ್ಲ, ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಇಷ್ಟು ಹೇಳಲು ಇಷ್ಟೊಂದು ಕಿರುಚುವುದೇಕೆ, ಮೆಲ್ಲಗೆ ಕರೆದರೆ ದೇವರಿಗೆ ಕೇಳಿಸದೇ ಎಂದು ಕೇಳಿದರು.

ಪ್ರಕಾಶ ಮರಾಠಿಯಲ್ಲಿ ಉತ್ತರ ಕೊಟ್ಟ. ಮರಾಠಿ ಬಾರದ ನನಗೂ ಅದು ತಿಳಿಯಿತು. ಮೊದಲು ಮೆಲ್ಲಗೇ ಕರೆದಳು ಸಾಹೇಬ್, ಎಂದ. ಬಹಳ ದಿನ ಮೆಲ್ಲಗೇ ಕರೆದಳು.

ಪಾಸ್ಟರ್ ಸಾಹೇಬರು ಒಂದು ಹಾಳೆ ನನ್ನ ಮುಂದೆ ಸರಿಸಿದರು. 'ಹಾಡಿನ ಮಾತು ಪ್ರಾರ್ಥನೆಯದು. ಉಚ್ಚಾರ ಸರಿಯಾಗಿದೆ' ಎಂದು ಬರೆದು ಸಹಿ ಹಾಕಿದೆ. ಕನ್ನಡದಲ್ಲೇ ಬರೆದೆ. ಅದನ್ನು ಓದಬಲ್ಲವರು ಅಲ್ಲಿ ಇಬ್ಬರೇ, ಅದರಲ್ಲಿ ಒಬ್ಬಳು ನಾನು.

ರವಿವಾರ

ಯುವಜನರ ರವಿವಾರ ಸಭೆ ತುಂಬಿತ್ತು. ಹಿರಿಯರು ಕಿವಿಗೆ ಹತ್ತಿ ಇಟ್ಟುಕೊಂಡು ಬಂದಿದ್ದರು. ಸೆಕ್ರೆಟರಿ ಸಾಹೇಬರು ತಮ್ಮ ವಿರೋಧ ಎಲ್ಲರಿಗೂ ಕಾಣಲೆಂದು ಮೊದಲ ಸಾಲಿನಲ್ಲೇ, ಹತ್ತಿ ಇಲ್ಲದೆ ಕೂತರು. ಪಾಸ್ಟರ್ ಸಾಹೇಬರ ಪ್ರಸಂಗದ ಹೊತ್ತಿಗೆ ಎರಡು ಪಾರಿವಾಳ ಒಳಗೆ ಬಂದಿದ್ದವು. ಮೊದಲ ಮರಾಠಿ ಹಾಡಿಗೆ ಹೊರಗೆ ಹೋದವು.

ಸಂಪಾದಕರು ಈ ಬರಹದ ಕೊನೆಗೆ ಒಂದು ತೀರ್ಪು ಬೇಕೆಂದಿದ್ದಾರೆ: ಇಂಥ ಸಂಗೀತ ನಮ್ಮ ಚರ್ಚುಗಳಲ್ಲಿ ಬೇಕೋ ಬೇಡವೋ? ನನಗೆ ಆ ಸಂಗೀತ ಹಿಡಿಸಲಿಲ್ಲ. ತಲೆನೋವು ಬಂತು, ಗುಳಿಗೆ ತೆಗೆದುಕೊಂಡೆ. ನಮ್ಮ ಹಾರ್ಮೋನಿಯಂ ನನಗೆ ಸಾಕು. ಆದರೆ ಹಾರ್ಮೋನಿಯಂ ಜೊತೆಗೆ ನಾನು ಇಷ್ಟು ವರ್ಷ ಹಾಡಿದ್ದರಲ್ಲಿ ಎಷ್ಟು ಸಲ ನಿಜವಾಗಿ ಕರೆದಿದ್ದೇನೆ ಎಂದು ಕೇಳಿದರೆ ಲೆಕ್ಕ ಕೊಡಲಾರೆ.

ಕೊನೆಗೆ ಕನ್ನಡದ ಹಾಡು ಬಂತು. ಒಂದು ಹಂತದಲ್ಲಿ ವಾದ್ಯಗಳೆಲ್ಲ ನಿಂತು, ರೂತ್ ಸಭೆಯ ಕಡೆ ಕೈ ಚಾಚಿದಳು, ನೀವೂ ಕರೆಯಿರಿ ಎಂದು. ಕನ್ನಡ ಬಾರದ ಹುಡುಗ ಹುಡುಗಿಯರು ಕೇಳಿದ್ದನ್ನೇ ಕೂಗಿದರು. ಪಕ್ಕದಲ್ಲಿ ಪ್ರಕಾಶ ತುಟಿ ಕಚ್ಚಿಕೊಂಡು ನಿಂತಿದ್ದ. ನಾನು ಅವನ ಕೈ ಹಿಡಿದು, ಗಂಟಲು ಹರಿಯುವಂತೆ, ಹ್ರಸ್ವದಲ್ಲೇ ಕೂಗಿದೆ: "ದೆವ್ವಾ ಬಾ!" ಅವ್ವ ಕರೆಯುವಾಗ ಜೊತೆಗೆ ಕರೆಯಲು ನಾನಿರಲಿಲ್ಲ. ಎರಡು ವರ್ಷ ತಡವಾಗಿ ಕರೆದೆ.